ಬಾಣಂತಿ ಚಿಪ್ಪುಹಂದಿ

ಮಳವಳ್ಳಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಮ್ಮನಾಗಿ ಸೇರಿದಾಗ ನನಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಎರಡನೇ ಮಹಾಯುದ್ಧದ ಕಾಲ. ದುದ್ದದ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವಳು ನಾನು. ಓದಿಸಿದ್ದು ಸಾಕು, ಮದುವೆ ಮಾಡು ಎಂದು ನೆಂಟರೆಲ್ಲ ಹೇಳುತ್ತಿದ್ದರೂ ಅಪ್ಪ ಕಿವಿಗೆ ಹಾಕಿಕೊಳ್ಳದೆ ಮೈಸೂರಿಗೆ ಕಳಿಸಿ ಟ್ರೈನಿಂಗ್ ಮಾಡಿಸಿದ್ದ. ಹೆಡ್‌ಮಿಸ್ಟ್ರೆಸ್ಸಮ್ಮ ಕರೆದು, "ಪ್ರಕೃತಿ ಪಾಠ ನೀವೇ ತಗೊಳ್ಳಿ" ಎಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೊದಲ ಪಾಠ ಸಜೀವ ಮತ್ತು ನಿರ್ಜೀವ ವಸ್ತುಗಳು. ಜೀವ ಇರುವುದು ಚಲಿಸುತ್ತದೆ, ತಿನ್ನುತ್ತದೆ, ಉಸಿರಾಡುತ್ತದೆ, ಬೆಳೆಯುತ್ತದೆ, ಬೇಡವಾದದ್ದನ್ನು ಹೊರಗೆ ಹಾಕುತ್ತದೆ, ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ, ತನ್ನಂಥದ್ದನ್ನೇ ಹುಟ್ಟಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಬರೆದು ತಿರುಗುವಷ್ಟರಲ್ಲಿ ಎರಡು ಜಡೆಯ ಒಬ್ಬಳು ಎದ್ದು ನಿಂತಿದ್ದಳು.

"ಅಂಗಾದ್ರೆ ಬಸ್ಸಿಗೂ ಜೀವ ಅದೆ, ಅಮ್ಮಾವ್ರೆ."

ಆಗ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಒಂದು ದೊಡ್ಡ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಹುಡುಗಿ ಬೆರಳು ಮಡಿಸುತ್ತಾ ಹೋದಳು. ಇದ್ದಿಲು ತಿಂತದೆ, ಓಡ್ತದೆ, ಬುಸಬುಸ ಉಸಿರಾಡ್ತದೆ, ಬೂದಿ ಉದುರಿಸ್ತದೆ. ಇಡೀ ಕ್ಲಾಸು ಅವಳ ಕಡೆ ಆಯಿತು. ಕೊನೆಗೆ ಮೂಲೆಯಲ್ಲಿ ಕೂತಿದ್ದ ಒಂದು ಪುಟ್ಟ ಹುಡುಗಿ, "ಅದು ಮರಿ ಆಕ್ತದಾ?" ಎಂದು ಕೇಳಿದ್ದೇ ತಡ, ನಕ್ಕೂ ನಕ್ಕೂ ಎಲ್ಲರ ಕಣ್ಣಲ್ಲಿ ನೀರು ಬಂತು. ಅಂದು ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನಿಂತು ನೋಡಿದೆ. ಗೋಡೆಯ ಮೇಲಿನ ಪಾಚಿ, ಕಾಗೆ, ಗೊಬ್ಬರದ ಹುಳು, ಒಂದನ್ನೂ ಬಿಡಲಿಲ್ಲ. ಇವೆಲ್ಲದರಲ್ಲೂ ಒಂದೇ ಕೆಲಸ ನಡೆಯುತ್ತಿದೆಯಲ್ಲ ಎಂದು ಮೈ ಜುಮ್ಮೆಂದಿತು.

ಆಮೇಲಿನ ವಾರಗಳಲ್ಲಿ ಬೆನ್ನುಮೂಳೆ ಇರುವ ಪ್ರಾಣಿಗಳ ಗುಂಪುಗಳಿಗೆ ಬಂದೆವು. ಮೀನು, ಕಪ್ಪೆ, ಹಾವು ಹಲ್ಲಿಗಳು, ಹಕ್ಕಿಗಳು, ಹಾಲೂಡಿಸುವ ಪ್ರಾಣಿಗಳು. ಹುಡುಗಿಯರು ಚೆನ್ನಾಗಿ ಒಪ್ಪಿಸುತ್ತಿದ್ದರು. ಚಿಪ್ಪು ಇದ್ದರೆ ಮೀನು ಅಥವಾ ಹಾವಿನ ಕಡೆ, ಗರಿ ಇದ್ದರೆ ಹಕ್ಕಿ, ಕೂದಲಿದ್ದರೆ ಹಾಲೂಡಿಸುವುದು. ನನಗೂ ಅದು ಅಷ್ಟೇ ಸಲೀಸು ಅನಿಸಿತ್ತು.

ಒಂದು ಭಾನುವಾರ ಪೂರಿಗಾಲಿಗೆ ಹೊರಟೆ. ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಅವಳು ತವರಿನಲ್ಲಿ ಬಾಣಂತನ ಮುಗಿಸಿ ಎಳೆಮಗುವಿನೊಂದಿಗೆ ಆಗತಾನೇ ಗಂಡನ ಮನೆಗೆ ಬಂದಿದ್ದಳು. ಬಸ್ಸು ಇಳಿದು ಮನೆಗೆ ಹೋದರೆ ಬಾಗಿಲು ಬರೀ ಮುಂದೆ ಮಾಡಿತ್ತು. ಹಿತ್ತಿಲ ಆಚೆ ಹೊಲದಲ್ಲಿ ಜನ ಗುಂಪುಗಟ್ಟಿದ್ದರು. ಅಂಚಿನಲ್ಲಿ ಅಕ್ಕ ಮಗುವನ್ನೆತ್ತಿಕೊಂಡು ನಿಂತಿದ್ದಳು, ನಡುವೆ ಭಾವ ಹಾರೆಕೋಲು ಊರಿಕೊಂಡು ನಿಂತಿದ್ದರು. ನನ್ನನ್ನು ಕಂಡದ್ದೇ ಕೈಬೀಸಿ ಕರೆದರು.

"ಬಾರಮ್ಮಿ, ವಸಿ ನೋಡು. ಪೊದೆ ಕಡ್ದು ಬೇರು ಕೀಳ್ತಿದ್ದೊ. ಬಿಲ ಕುಸ್ದು ಇದು ಉರುಳ್ಕೊಂಡು ಬಂತು. ನಿಮ್ಮ ಇಸ್ಕೂಲಲ್ಲಿ ಇದ್ಕೆ ಏನಂತಾರೆ?"

ಅಗೆದ ಮಣ್ಣಿನಲ್ಲಿ ಕುಂಬಳಕಾಯಿಗಿಂತ ದೊಡ್ಡದಾದ ಒಂದು ಉಂಡೆ ಬಿದ್ದಿತ್ತು. ಮೈತುಂಬ ಕಂದು ಚಿಪ್ಪು, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ. ತಲೆ ಎಲ್ಲಿ, ಕಾಲೆಲ್ಲಿ ಗೊತ್ತಾಗದು.

"ಸತ್ತೋಗದೆ ಬುಡಿ" ಎಂದ ಒಬ್ಬ.

"ಕಲ್ಲಿದ್ದಂಗದೆ ಕಣ್ಲಾ" ಎಂದ ಇನ್ನೊಬ್ಬ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣಿನಲ್ಲೇ ಮಂಡಿಯೂರಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಚಿಪ್ಪುಗಳ ಅಂಚು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಒಂದು ಹುಲ್ಲುಕಡ್ಡಿ ತೆಗೆದು ಸಂದಿಯಲ್ಲಿ ಸೋಕಿಸಿದೆ. ಉಂಡೆ ಬುಸ್ಸೆಂದು ಇನ್ನೂ ಬಿಗಿಯಾಯಿತು.

"ಉಸಿರಾಡ್ತಾ ಅದೆ! ಮುಟ್ಟಿದ್ರೆ ಗೊತ್ತಾಯ್ತದೆ! ಜೀವ ಅದೆ ಭಾವ!" ಎಂದು ಕೂಗಿಬಿಟ್ಟೆ. ಮೇಷ್ಟ್ರಮ್ಮನ ಗಾಂಭೀರ್ಯ ಎಲ್ಲಿ ಹೋಯಿತೋ.

ಪಕ್ಕದ ಮನೆಯ ಅಜ್ಜ, ಊರಿನಲ್ಲಿ ಮಾತಿಗೆ ತೂಕ ಇದ್ದ ಮನುಷ್ಯ, ಮುಂದೆ ಬಂದರು. "ಚಿಪ್ಪಂದಿ ಅಂತಾರೆ ಕಣವ್ವ. ಎಸ್ರಿಗೆ ಅಂದಿ ಅಷ್ಟೆ. ಮೈ ನೋಡು, ಆವಿನ ಜಾತಿ. ಬಾಲ ಉಡದ್ದು. ಒಡ್ದು ಚಿಪ್ಪು ಕಿತ್ಕೊಂಡ್ರೆ ಉಂಗ್ರ ಮಾಡ್ಕೋಬೋದು, ಮೂಲವ್ಯಾಧಿಗೆ ಒಳ್ಳೇದು."

ಚಿಪ್ಪು ಎಂದರೆ ಹಾವಿನ ಕಡೆ. ನಾನೇ ಹೇಳಿಕೊಟ್ಟ ಪಾಠ ಅಜ್ಜನ ಬಾಯಲ್ಲಿ ಬಂದಿತ್ತು. ಆದರೆ ಕಡ್ಡಿ ಸೋಕಿಸಿದ ಸಂದಿಯಲ್ಲಿ ನನಗೆ ಇನ್ನೇನೋ ಕಂಡಿತ್ತು. ಎರಡು ಚಿಪ್ಪಿನ ನಡುವೆ ಒರಟಾದ ಒಂದೆರಡು ಎಳೆ. ಕೂದಲೋ ಬೇರಿನ ನಾರೋ?

"ತಾತ, ಒಂದ್ ಗಳಿಗೆ ತಡೀರಿ. ಇದರ ಹೊಟ್ಟೆ ನೋಡ್ದೆ ಯಾವ ಜಾತಿ ಅಂತ ಹೇಳಕ್ಕಾಗಲ್ಲ. ಊಟ ಆಗೋಗಂಟ ನಂಗೆ ಬಿಟ್ಕೊಡಿ."

ಅಜ್ಜ ಭಾವನ ಮುಖ ನೋಡಿದರು. ಭಾವ, "ಅದೆಲ್ಲಿಗೋಯ್ತದೆ, ಆಗ್ಲಿ ಬುಡಿ" ಎಂದರು. ಇಬ್ಬರು ಸೇರಿ ಉಂಡೆಯನ್ನು ಎಡೆ ಬಿಟ್ಟು ಹೆಣೆದ ದೊಡ್ಡ ಬಿದಿರು ಮಂಕರಿಗೆ ಉರುಳಿಸಿ, ಕೊಟ್ಟಿಗೆಗೆ ಹೊತ್ತು ತಂದು ಮೂಲೆಯಲ್ಲಿ ಇಳಿಸಿದರು. ಗಂಡಸರು ಮುದ್ದೆ ಉಣ್ಣಲು ಜಗಲಿಯಲ್ಲಿ ಕೂತರು. ದನಗಳು ಹೊರಗಿದ್ದವು. ಕೊಟ್ಟಿಗೆಯಲ್ಲಿ ನಾನು, ಅಕ್ಕ, ಅವಳ ಮಡಿಲಲ್ಲಿ ಮಗು. ಹೆಂಚಿನ ನಡುವಿನ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದಿತ್ತು.

"ಇದ್ಯಾಕೆ ಬೇಕಿತ್ತೇ ನಿಂಗೆ? ಉಣ್ಣು ಬಾ" ಎಂದು ಅಕ್ಕ ಪಿಸುಗುಟ್ಟಿದಳು.

"ಶ್... ಅಲ್ನೋಡು."

ಉಂಡೆ ಸಡಿಲವಾಗುತ್ತಿತ್ತು. ಮೊದಲು ಚೂಪಾದ ಮೂತಿ ಹೊರಗೆ ಬಂತು. ಅದು ಗಾಳಿಯನ್ನು ಮೂಸಿತು. ಆಮೇಲೆ ಪುಟ್ಟ ಒದ್ದೆ ಕಣ್ಣು. ಬಾಲ ಬಿಚ್ಚಿಕೊಂಡಿತು. ಹೊಟ್ಟೆಯ ಮೇಲೆ ಚಿಪ್ಪೇ ಇಲ್ಲ! ಮಾಸಲು ಬಣ್ಣದ ತೊಗಲು, ಅದರ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು. ನಾನು ಅಕ್ಕನ ತೋಳು ಹಿಡಿದೆ. ಅಷ್ಟರಲ್ಲಿ ಆ ಹೊಟ್ಟೆಯ ಮರೆಯಿಂದ ಇನ್ನೊಂದು ಮೂತಿ ಎದ್ದಿತು. ಮರಿ. ಗೇಣಿಗಿಂತ ಸ್ವಲ್ಪ ಉದ್ದ, ಚಿಪ್ಪು ಇನ್ನೂ ಎಳೆಯ ಉಗುರಿನ ಹಾಗೆ ಬೆಳ್ಳಗೆ. ತಾಯಿ ತನ್ನ ಮೈಯನ್ನೇ ಕೋಟೆ ಮಾಡಿ ಇದನ್ನು ಒಳಗೆ ಇಟ್ಟುಕೊಂಡಿತ್ತು. ಮರಿ ತಡಕುತ್ತಾ ತಾಯಿಯ ಮುಂಗಾಲ ಬುಡಕ್ಕೆ ಹೋಗಿ ಎದೆಗೆ ಬಾಯಿ ಹಾಕಿತು. ಚೀಪುವ ಸದ್ದು ಕೇಳಿಸಿತು. ಸಣ್ಣ ಸದ್ದು, ಚಪ್ ಚಪ್ ಎಂದು.

"ಅಕ್ಕಾ, ಹಾಲು! ಹಾಲು ಕುಡೀತಾ ಅದೆ!" ಎಂದೆ. ಹಾವಲ್ಲ, ಮೀನಲ್ಲ. ಕೂದಲಿದೆ, ಮರಿ ಇದೆ, ಮೊಲೆ ಇದೆ. ಪುಸ್ತಕದ ಒಂದು ಸಾಲು ನನ್ನ ಕಣ್ಣೆದುರು ಉಸಿರಾಡುತ್ತಿತ್ತು.

ಅಕ್ಕ ಬಗ್ಗಿ ನೋಡಿದಳು. ಅವಳ ಮಗುವೂ ಆಗ ಸೆರಗಿನ ಒಳಗೆ ಹಾಲು ಕುಡಿಯುತ್ತಿತ್ತು. "ಅಯ್ಯೋ ನನ್ನವ್ವ! ಇದು ಬಾಣಂತಿ ಕಣೇ!" ಎಂದಳು. ನಾನು ಹೇಳುವುದನ್ನು ಕೇಳಲೂ ನಿಲ್ಲದೆ ಮಗುವನ್ನು ಎತ್ತಿಕೊಂಡೇ ಜಗಲಿಗೆ ಹೋದಳು.

"ಬಾಣಂತಿ ಮ್ಯಾಲೆ ಆರೆ ಎತ್ತೀರಾ? ಒಳಗೆ ಎಳೆಕೂಸು ಆಲು ಕುಡೀತಾ ಅದೆ. ಯಾರಾದ್ರೂ ಅದ್ರ ಮೈ ಮುಟ್ಟಿದ್ರೆ ಈ ಮನೇಲಿ ಇವತ್ತಿಂದ ಒಲೆ ಅಚ್ಚಲ್ಲ ನಾನು!"

ಮುದ್ದೆ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಭಾವ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ಅಜ್ಜ ಕೈ ತೊಳೆದು ಎದ್ದರು. "ಚಿಪ್ಪಿರೋದು ಆಲು ಕೊಡ್ತದಾ? ಎಲ್ಲಿ, ತೋರ್ಸು ನಡಿ."

ಅವರು ಮಂಕರಿಯ ಸಂದಿಗೆ ಕಣ್ಣಿಟ್ಟು ಕುಕ್ಕರಗಾಲಿನಲ್ಲಿ ಕೂತರು. ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾ ಹೋದೆ. ನಮ್ಮ ಹಸು, ನಾಯಿ, ಬೆಕ್ಕು, ನಾವು, ಎಲ್ಲರದೂ ಒಂದೇ ಗುಂಪು ತಾತ, ಈ ಚಿಪ್ಪು ಕೂಡ ನಮ್ಮ ಉಗುರಿನ ಥರದ್ದೇ ಅಂತಾರೆ. ಅಜ್ಜ ತಮ್ಮ ಹೆಬ್ಬೆರಳಿನ ಉಗುರನ್ನು ತಿರುಗಿಸಿ ನೋಡಿಕೊಂಡರು. "ಉಂಗ್ರ ಬ್ಯಾಡ ಬುಡವ್ವ" ಎಂದರು. ಎದ್ದು ಹೊರಗೆ ಬಂದವರು ಇದ್ದವರಿಗೆಲ್ಲ ಗದರುವ ದನಿಯಲ್ಲಿ ಹೇಳಿದರು: "ಈ ಬಿಸ್ಲಲ್ಲಿ ಬುಟ್ರೆ ನಾಯಿ ಕೀಳ್ತವೆ. ಒತ್ತು ಇಳೀಲಿ, ಗುಡ್ಡದ ಮಗ್ಗುಲಿಗೆ ತಗೊಂಡೋಗಿ ಬುಡಾನ."

ಹೊತ್ತು ಇಳಿದ ಮೇಲೆ ಅರ್ಧ ಊರೇ ಮಂಕರಿಯ ಹಿಂದೆ ನಡೆಯಿತು. ಕುರುಚಲು ಗುಡ್ಡದ ಬುಡದಲ್ಲಿ ಮಂಕರಿಯನ್ನು ಓರೆ ಮಾಡಿ ಎಲ್ಲರೂ ದೂರ ಸರಿದೆವು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಾಯಿ ಹೊರಗೆ ಬಂತು. ಅದರ ಬಾಲದ ಬುಡದ ಮೇಲೆ ಮರಿ ಅಡ್ಡಲಾಗಿ ಕಚ್ಚಿಕೊಂಡು ಮಲಗಿತ್ತು, ಕತ್ತೆಯ ಮೇಲೆ ಹೇರಿದ ಬಟ್ಟೆ ಗಂಟಿನ ಹಾಗೆ. ಮುಂಗಾಲಿನ ಉದ್ದ ಉಗುರುಗಳನ್ನು ಮಡಿಸಿ, ತೂಗುತ್ತಾ ತೂಗುತ್ತಾ ಲಂಟಾನದ ಪೊದೆಯೊಳಗೆ ಹೋಯಿತು. ಹೆಂಗಸರು ಯಾರೋ ಲಟಿಕೆ ಮುರಿದು ದೃಷ್ಟಿ ತೆಗೆದರು.

ಮರುದಿನ ಬೆಳಗಿನ ಬಸ್ಸಿಗೆ ಬಂದು, ಮನೆಗೂ ಹೋಗದೆ ನೇರ ಕ್ಲಾಸಿಗೆ ನುಗ್ಗಿದೆ. ಹಾಜರಿ ಕೂಗುವುದು ಮರೆತು ಬೋರ್ಡಿನ ತುಂಬ ಚಿಪ್ಪುಹಂದಿ ಬರೆದೆ. ಹೊಟ್ಟೆ, ಕೂದಲು, ಮರಿ. ಕಥೆ ಹೇಳಿ ಮುಗಿಸಿದಾಗ ಹುಡುಗಿಯರು ಬೆಂಚು ಬಿಟ್ಟು ನನ್ನ ಮೇಜಿನ ಸುತ್ತ ಬಂದಿದ್ದರು.

"ಅಂಗಾರೆ ನಾವೂ ಅದೂ ಒಂದೇ ಜಾತಿನಾ ಅಮ್ಮಾವ್ರೆ?"

"ಗುಂಪು ಒಂದೇ."

"ಆ ಮೂಲೇಲಿ ಕೂರೋರು?" ಎಂದು ಇನ್ನೊಬ್ಬಳು ಕೇಳಿದಳು. ಕೆಳಜಾತಿಯವರೆಂದು ಮೂಲೆಯ ಬೇರೆ ಚಾಪೆಯ ಮೇಲೆ ಕೂರಿಸುತ್ತಿದ್ದ ಹುಡುಗಿಯರೂ ಆಗ ಮೇಜಿನ ಹತ್ತಿರವೇ ಇದ್ದರು. ಬಸ್ಸು ಮರಿ ಹಾಕುತ್ತದಾ ಎಂದು ಕೇಳಿದ್ದವಳು ಅವರಲ್ಲೊಬ್ಬಳು.

"ಬೆನ್ನುಮೂಳೆ, ಬಿಸಿ ರಕ್ತ, ಅಮ್ಮನ ಹಾಲು. ಇಲ್ಲಿರೋರಿಗೆಲ್ಲ ಇವೇ ಮೂರು. ಪುಸ್ತಕದಲ್ಲಿ ನಮಗೆ ಬೇರೆ ಗುಂಪು ಇಲ್ಲ" ಎಂದೆ. ಆ ಪುಟ್ಟ ಹುಡುಗಿ ಬೋರ್ಡಿನ ಮರಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೆರಳಿಗೆ ಸುಣ್ಣ ಹತ್ತಿತು.

ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಮುಂದಿನ ಪೀರಿಯಡ್ಡಿನ ಲೆಕ್ಕದ ಮೇಷ್ಟ್ರು, ಪೇಟ ಸುತ್ತಿದ ವಯಸ್ಸಾದವರು, ಬಾಗಿಲಲ್ಲಿ ಬಂದು ನಿಂತಿದ್ದರು. ಈಗ ಬೈಗುಳ ಕಾದಿದೆ ಎಂದು ನಾನು ಬೋರ್ಡು ಒರೆಸಲು ಬಟ್ಟೆ ಎತ್ತಿಕೊಂಡೆ.

"ಇರ್ಲಿ, ಇರ್ಲಿ" ಎಂದು ಅವರು ಒಳಗೆ ಬಂದು ಮುಂದಿನ ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಲ್ಲಮ್ಮಾ, ಈ ಬಾವಲಿ... ಅದು ಮೊಟ್ಟೆ ಇಡೋದೋ, ಮರಿ ಹಾಕೋದೋ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯರೆಲ್ಲ ಒಟ್ಟಿಗೆ ಕೂಗಿದರು. ಅರ್ಧ ಜನ ಮೊಟ್ಟೆ ಎಂದರು, ಅರ್ಧ ಜನ ಮರಿ ಎಂದರು.