ಪರೀಕ್ಷೆಯಿಲ್ಲದೆ ಒಳಗೆ ಬಂದವರು

ಅವಳು ಕಲ್ಲೆದೆಯವಳು, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕಪರಿಶೋಧಕರ ಸಂಘದ ಕಚೇರಿಯಲ್ಲಿ ಅವಳಿಗೆ ಮೊಹರಮ್ಮ ಎಂದೇ ಹೆಸರು. ಮೊಹರಿಗಾದರೂ ಒಂದು ಮರದ ಹಿಡಿ ಇರುತ್ತದೆ, ಇವಳನ್ನು ಎಲ್ಲಿ ಹಿಡಿಯುವುದು ಎಂದು ಜವಾನ ಹೇಳುತ್ತಿದ್ದ.

ಸಂಘ ಹುಟ್ಟಿದ್ದು ಕಾಗದದಂಗಡಿಯ ಮಹಡಿಯಲ್ಲಿ. ಹನ್ನೊಂದು ಮಂದಿ ಸದಸ್ಯರು, ಒಂಬತ್ತು ಕುರ್ಚಿ. ಉಳಿದಿಬ್ಬರು ಕಿಟಕಿಯ ಕಟ್ಟೆಯ ಮೇಲೆ ಕೂತು ವಾದಿಸುತ್ತಿದ್ದರು. ಆಗ ಲೆಕ್ಕ ತಪಾಸಣೆ ಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕನ್ನಡಕ, ಕೊಡೆ, ಗಂಭೀರ ಮುಖ ಇದ್ದರೆ ಸಾಕಿತ್ತು. ಸಂಘದವರು ಇಪ್ಪತ್ತು ವರ್ಷ ಸರ್ಕಾರಿ ಕಚೇರಿಗಳಿಗೆ ಅಲೆದಾಡಿದ ಮೇಲೆ ಕಾನೂನು ಬಂತು: ಸಂಘದ ಪಟ್ಟಿಯಲ್ಲಿ ಹೆಸರಿಲ್ಲದವರು ಲೆಕ್ಕಪತ್ರಕ್ಕೆ ಸಹಿ ಹಾಕುವಂತಿಲ್ಲ. ಹಳಬರು ಆರು ತಿಂಗಳೊಳಗೆ ಅರ್ಜಿ ಕೊಟ್ಟರೆ ನೇರವಾಗಿ ಸೇರಬಹುದು. ಆಮೇಲೆ ಬಂದವರು ಯಾರೇ ಆಗಲಿ, ಪರೀಕ್ಷೆ ಬರೆಯಬೇಕು. ಪಟ್ಟಿ ಬರೆಯುವ ಕೆಲಸ ಅವಳ ಪಾಲಿಗೆ ಬಂತು.

ಆ ಆರು ತಿಂಗಳು ಎಚ್ಚರವೋ ನಿದ್ದೆಯೋ ತಿಳಿಯದಂತೆ ಕಳೆದವು. ಮಧ್ಯಾಹ್ನದ ಬಿಸಿಲು ದಾಖಲೆ ಪುಸ್ತಕದ ಮೇಲೆ ಮೆಲ್ಲಗೆ ಜರುಗುತ್ತಿತ್ತು. ನೀಲಿ ಗೆರೆಗಳು ನೀರಿನೊಳಗಿದ್ದಂತೆ ಅಲುಗುತ್ತಿದ್ದವು. ಕೆಳಗೆ ಕಾಗದ ಕತ್ತರಿಸುವ ಸದ್ದು ಯಾರದೋ ಉಸಿರಿನಂತೆ ಬಂದು ಹೋಗುತ್ತಿತ್ತು. ಒಂದೊಂದು ಹೆಸರು ಬರೆದಾಗಲೂ, ದೂರದ ಯಾವುದೋ ಊರಿನಲ್ಲಿ ಆ ಮನುಷ್ಯ ಮೇಜಿನಿಂದ ತಲೆಯೆತ್ತಿ, ಯಾರೋ ಕರೆದರೆಂದು ಬಾಗಿಲ ಕಡೆ ನೋಡಿದಂತೆ ಅವಳಿಗೆ ಅನಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಅವಳ ಸೋದರಮಾವ ಬಂದರು. ಅವಳಿಗೆ ಈ ಕಸುಬು ಕಲಿಸಿದವರು ಅವರೇ. ಮಡಿಚಿದ ಅರ್ಜಿಯನ್ನು ಮುಂದಿಟ್ಟು, "ಒಂದ್ಸಲ ನೋಡಮ್ಮ," ಎಂದು ಹೊರಟುಬಿಟ್ಟರು. ಅವಳು ಅದೇ ಗುಂಗಿನಲ್ಲಿ ತಾರೀಖಿನ ಮೊಹರು ಒತ್ತಿ, ಬಿಚ್ಚಿ ನೋಡದೆ ಅರ್ಜಿಗಳ ಕಂತೆಗೆ ಸೇರಿಸಿದಳು. ಬಿಚ್ಚಿದ್ದು ಗಡುವು ಮುಗಿದ ಮೂರನೆಯ ದಿನ. ಅರ್ಜಿ ಪೂರ್ತಿ ಪೆನ್ಸಿಲಿನಲ್ಲಿತ್ತು. ಸಹಿ ಇರಲಿಲ್ಲ.

ಹಳೆಯ ಪರಿಶೋಧಕರ ಪದ್ಧತಿ ಅದು. ತಾನು ಬರೆದದ್ದನ್ನು ತಾನೇ ಸರಿಯೆನ್ನುವಂತಿಲ್ಲ. ಇನ್ನೊಬ್ಬರ ಕಣ್ಣು ಹಾಯುವ ತನಕ ಪೆನ್ಸಿಲು, ಆಮೇಲೆಯೇ ಶಾಯಿ ಮತ್ತು ಸಹಿ. ಮಾವ ಅರ್ಜಿ ಸಲ್ಲಿಸಿರಲೇ ಇಲ್ಲ, ನೋಡಿಕೊಡಲು ಕೊಟ್ಟಿದ್ದರು.

ಹೇಳಿಕಳಿಸಿದಾಗ ಬಂದ ಮಾವ ಕಾಗದ ನೋಡಿ ನಕ್ಕರು. "ನೋಡಮ್ಮ ಅಂದ್ರೆ ಮೊಹರು ಗುದ್ದೋದಾ ನೀನು?"

"ತಪ್ಪು ನಂದೇ, ಮಾವ."

"ಸರಿ, ಈಗ್ಲೇ ಶಾಯೀಲಿ ತಿದ್ದಿ ಸಹಿ ಮಾಡ್ತೀನಿ. ಹಳೇ ತಾರೀಖಿನ ಮೊಹರು ಇದ್ದೇ ಇದೆ. ಯಾರಿಗೆ ಗೊತ್ತಾಗುತ್ತೆ?"

"ನಮ್ಮಿಬ್ಬರಿಗೆ ಗೊತ್ತಲ್ಲ."

ಮಾವ ಕಾಗದವನ್ನು ಮೇಜಿನ ಮೇಲಿಟ್ಟರು. "ನಂಗೆ ಅರವತ್ನಾಲ್ಕು ಕಣೇ. ಪ್ರಶ್ನೆಪತ್ರಿಕೆ ತೆಗೆಯೋನು ನನ್ನ ಹತ್ರ ಕೂಡೋದು ಕಳೆಯೋದು ಕಲ್ತವನು. ಅವನ ಮುಂದೆ ಕೂತು ಬರೀಲಾ?"

"ಬರೀಬೇಕು ಮಾವ. ಇಲ್ದಿದ್ರೆ ಇನ್ಮೇಲೆ ನೀವು ಯಾವ ಲೆಕ್ಕಕ್ಕೂ ಸಹಿ ಹಾಕೋ ಹಾಗಿಲ್ಲ."

"ನೀನು ಹುಟ್ಟಿದಾಗ್ಲೇ ನಿಮ್ಮಮ್ಮಂಗೆ ಹೇಳಿದ್ದೆ, ಅಕ್ಕಾ, ಇದು ಮಗುವಲ್ಲ, ನೋಟೀಸು ಅಂತ."

ಪರೀಕ್ಷೆಯ ನಮೂನೆಯನ್ನು ಜೇಬಿಗೆ ತುರುಕಿಕೊಂಡು ಅವರು ಮೆಟ್ಟಿಲಿಳಿದರು. ಅರ್ಧದಲ್ಲಿ ನಿಂತು ಸುಧಾರಿಸಿಕೊಂಡದ್ದು ಅವಳಿಗೆ ಕೇಳಿಸಿತು.

"ಸ್ವಂತ ಮಾವನಿಗೇ!" ಎಂದು ಜವಾನ ಗೋಡೆಗೆ ಹೇಳಿದ.

ಅವಳು ಪುಸ್ತಕದ ಮೊದಲ ಹಾಳೆಗಳಿಗೆ ಹೋದಳು. ಹದಿನಾಲ್ಕನೆಯ ಹೆಸರು ಅವಳದೇ. ಅವಳ ಅರ್ಜಿಯನ್ನು ಮಾವ ಒಂದಿಡೀ ಸಂಜೆ ಕೂತು ಸಾಲುಸಾಲಾಗಿ ಓದಿ ಸರಿಯೆಂದಿದ್ದರು. ಅವಳು ಅಡಿಪಟ್ಟಿ ಇಟ್ಟು ಹೆಸರಿನ ಮೇಲೆ ನೇರವಾಗಿ ಗೆರೆ ಎಳೆದಳು. ಪಕ್ಕದಲ್ಲಿ 'ಸ್ವಇಚ್ಛೆಯಿಂದ' ಎಂದು ಬರೆದು ಶಾಯಿ ಆರಲು ಬಿಟ್ಟಳು.

"ಇನ್ನೊಂದು ಪರೀಕ್ಷೆ ನಮೂನೆ ತಗೊಂಬಾ," ಎಂದಳು.

"ಯಾರಿಗಮ್ಮ?" ಎಂದ ಜವಾನ.

"ನಂಗೆ."