ಐದು ತಾಸಿನದೋ, ಹತ್ತು ತಾಸಿನದೋ

ಮೊದಲು ಹೋದದ್ದು ನಿದ್ದೆ. ಆಮೇಲೆ ಹಸಿವು. ಕೊನೆಗೆ ದನಿ.

ಮಾನ್ವಿಯ ಒಂದು ಆರತಕ್ಷತೆಯಲ್ಲಿ ಮಿಮಿಕ್ರಿ ಮಾಡುತ್ತಿದ್ದೆ. ಕಂಡಕ್ಟರ್, ತರಕಾರಿ ಚಾಚಾ, ಮದುಮಗನ ಮಾವ, ಎಲ್ಲರನ್ನೂ ಆಡಿಕೊಂಡು ಮುಗಿಸಿದ ಮೇಲೆ ಯಾರೋ ಕೂಗಿದರು: "ಲೇ, ಈಗ ನಿಂದೇ ದನಿ ಮಾಡು." ಮೈಕು ಹಿಡಿದು ನಿಂತೆ. ಏನೂ ಬರಲಿಲ್ಲ. ಇದೂ ಒಂದು ಐಟಂ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ರಾಯಚೂರಿನ ಮನೆಗೆ ಬಂದು ಹಾಸಿಗೆ ಹಿಡಿದೆ. ಹಲ್ಲುಜ್ಜಿದರೂ ಸುಸ್ತು. ಹದಿನೈದು ದಿನದ ಮೇಲೆ ಅಂದೆ, "ಯವ್ವಾ, ನನಗ ಬದುಕೋದ ಬ್ಯಾಸರ ಆಗೇದ."

ಯವ್ವ ನಕ್ಕಳು.

"ಥೇಟ್ ದೇವದುರ್ಗದ ನಿಮ್ಮ ಮಾವನ ದನಿ ನೋಡು."

ತಪ್ಪು ಅವಳದಲ್ಲ. ಜ್ವರ ಬಂದಾಗಲೂ ಮಾವನ ದನಿಯಲ್ಲೇ ನರಳಿದವನು ನಾನು.

ಕೊನೆಗೆ ಯವ್ವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಸೈಕಿಯಾಟ್ರಿಸ್ಟ್ ಡಿಪ್ರೆಶನ್ ಎಂದರು. ಬರೆದುಕೊಟ್ಟ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕಂತೆ. ಅಷ್ಟು ತಾಳ್ಮೆ ಎಲ್ಲಿಂದ ತರಲಿ? ಬೇಗ ಗುಣವಾಗುತ್ತದೆಂದು ಮೊಬೈಲಿನಲ್ಲಿ ಓದಿದ್ದ ಎರಡು ಅಮಲು ಪದಾರ್ಥಗಳ ಹೆಸರನ್ನು ಟಿವಿ ವಾರ್ತೆಯವನ ದನಿಯಲ್ಲಿ ಒಪ್ಪಿಸಿದೆ: ಸಿಲೊಸೈಬಿನ್, ಎಲ್‌ಎಸ್‌ಡಿ. ಯಾವುದು ಮೇಲು?

"ನೋಡ್ರಿ, ಒಂದು ಅಣಬಿಯಾಗ ಸಿಗ್ತದ. ಇನ್ನೊಂದು ತೆನಿಗೆ ಹತ್ತೋ ಬೂಷ್ಟಿನಿಂದ ಲ್ಯಾಬ್‌ನ್ಯಾಗ ಹುಟ್ಟಿದ್ದು. ಮೆದುಳಿನ್ಯಾಗ ಎರಡೂ ಹೆಚ್ಚುಕಮ್ಮಿ ಒಂದ ಬಾಗಿಲಾ ಬಡಿತಾವ. ಅಣಬಿ ಅಮಲು ಐದಾರು ತಾಸು. ಇನ್ನೊಂದರದು ಹತ್ತು ತಾಸೂ ಇರಬಹುದು. ಡಿಪ್ರೆಶನ್ನಿಗೆ ಅಣಬಿ ಮ್ಯಾಲೆ ಇತ್ತೀಚೆಗೆ ಜಾಸ್ತಿ ಸಂಶೋಧನಾ ನಡದದ. ಆದ್ರ ಎರಡೂ ನಾ ಬರದು ಕೊಡಂಗಿಲ್ಲ. ನೀವೂ ಹುಡುಕ್ಕೊಂಡು ಹೋಗಬ್ಯಾಡ್ರಿ, ಅಪಾಯ ಅದ. ಸಂಶೋಧನಾದಾಗ ಮುಗಿಯೋತನಕ ಪೇಶೆಂಟ್ ಬಾಜೂಕ ಒಬ್ರು ಕುಂತೇ ಇರ್ತಾರ."

"ಅಣಬಿ, ಬೂಷ್ಟು. ನಾ ತಿಪ್ಪಿಗೆ ಒಗಿಯೋವು," ಎಂದು ಯವ್ವ ಗೊಣಗಿದಳು. ಆದರೆ ಡಾಕ್ಟರ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಡಾಕ್ಟರು ಬರೆದ ಮಾಮೂಲಿ ಮಾತ್ರೆ ಕೊಟ್ಟು, ಮಂಚದ ಪಕ್ಕ ಸ್ಟೂಲು ಎಳೆದಳು. ಗೋಡೆ ಗಡಿಯಾರ ಇಳಿಸಿ ಕಾಲ ಹತ್ತಿರ ಇಟ್ಟುಕೊಂಡಳು. ತೊಡೆಯ ಮೇಲೆ ಜೋಳದ ಮೊರ.

"ನಿಂದು ಯಾವುದಪಾ? ಐದು ತಾಸಿಂದೋ, ಹತ್ತು ತಾಸಿಂದೋ?"

ಇದು ಅವೆರಡೂ ಅಲ್ಲ, ಇದಕ್ಕೆ ಯಾರೂ ಕಾವಲು ಕೂರಬೇಕಿಲ್ಲ ಎಂದು ಡಾಕ್ಟರ ದನಿಯಲ್ಲಿ ಹೇಳಲು ಬಾಯಿ ತೆರೆದೆ. ಆ ದನಿ ತೆಗೆಯುವಷ್ಟೂ ತ್ರಾಣವಿರಲಿಲ್ಲ. ಬಂದದ್ದು ಒಡಕು ದನಿ. ಮಾವನದಲ್ಲ, ಕಂಡಕ್ಟರನದಲ್ಲ.

"ಹತ್ತು ತಾಸಿಂದು, ಬೇ. ಕುಂದ್ರು."

ಯವ್ವ ನಗಲಿಲ್ಲ. ಜೋಳದಲ್ಲಿ ಕಲ್ಲು ಆರಿಸತೊಡಗಿದಳು.

ಇದು ಐದನೇ ವಾರ. ಯವ್ವನ ಸ್ಟೂಲು ದಿನವೂ ಮಂಚದ ಪಕ್ಕದಲ್ಲೇ. ನಿದ್ದೆ ಅರ್ಧ ವಾಪಸು ಬಂದಿದೆ. ಅವಳಿಗೆ ನಿಜ ಇನ್ನೂ ಹೇಳಿಲ್ಲ.