ಇಳಾಳ ದನಿ ಕೇಳಿದ್ದ ಡಾಕ್ಟರು

ಡಾಕ್ಟರ್ ನಸೀಮಾ ಯಾವ ಮಗುವನ್ನೂ ಮೊದಲು ಕೈಯಿಂದ ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಅದರ ಮುಖದ ಹತ್ತಿರ ತಂದು ಉಸಿರಾಟ ಕೇಳುತ್ತಾ ನಿಲ್ಲುತ್ತಿದ್ದರು. ಆಗ ಯಾರಾದರೂ ಸದ್ದು ಮಾಡಿದರೆ ಮುಗಿಯಿತು ಕಥೆ. ಒಮ್ಮೆ ನನ್ನ ಗಂಡನ ಫೋನು ಗುಂಯ್‌ಗುಟ್ಟಿದ್ದಕ್ಕೆ, "ನಿನ್ನ ಮೀಟಿಂಗು ಆಚೆ ಹೋಗಿ ಮಾಡ್ಕೊಳಪ್ಪಾ" ಎಂದು ಅಟ್ಟಿಬಿಟ್ಟಿದ್ದರು. ಮೈಸೂರಿನವರು, ಸ್ಯಾನ್ ಡಿಯಾಗೋದಲ್ಲಿ ಮಕ್ಕಳ ಶ್ವಾಸನಾಳದ ಆಪರೇಷನ್ ಮಾಡುತ್ತಲೇ ಅವರ ತಲೆ ನರೆತಿತ್ತು.

ನಮ್ಮ ಇಳಾ ಕೊರೊನಾದ ಮೊದಲ ವರ್ಷ, ದಿನ ತುಂಬುವ ಮೊದಲೇ ಹುಟ್ಟಿದಳು. ಉಸಿರಾಡಲೆಂದು ಹುಟ್ಟಿದ ಕೂಡಲೇ, ಅಳುವ ಮೊದಲೇ ಬಾಯಿಂದ ಇಳಿಸಿದ್ದ ಕೊಳವೆಯೇ ಒಳಗೆ ಗಾಯ ಮಾಡಿ ಶ್ವಾಸನಾಳವನ್ನು ಕಿರಿದಾಗಿಸಿತು. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ್ ನಸೀಮಾ ಆ ಕೊಳವೆ ತೆಗೆದು ನೋಡಿದಾಗ ಅತ್ತಳಂತೆ. ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿತು. ಕತ್ತಿನಲ್ಲಿ ತೂತು ಮಾಡಿ ಬೇರೆ ಕೊಳವೆ ಕೂರಿಸಿದರು. ಅಂದಿನಿಂದ ಗಾಳಿ ಅಲ್ಲಿಂದಲೇ ಓಡಾಡುತ್ತದೆ, ದನಿ ಹುಟ್ಟುವ ಜಾಗಕ್ಕೆ ಹೋಗುವುದೇ ಇಲ್ಲ. ಇಳಾ ಅತ್ತರೆ ಕಣ್ಣೀರು ಬರುತ್ತದೆ, ಸದ್ದು ಬರುವುದಿಲ್ಲ. ಅವತ್ತು ಥಿಯೇಟರಿನಲ್ಲಿ ಅವಳು ಅತ್ತಾಗ ನಾವು ಹೊರಗೆ ಕಾಯುತ್ತಿದ್ದೆವು. ಅವಳ ದನಿಯನ್ನು ನಾವು ಕೇಳಿಯೇ ಇಲ್ಲ.

ಡಾಕ್ಟರು ಅವಳ ಪಕ್ಕೆಲುಬಿನ ಮೆದು ಮೂಳೆಯ ತುಣುಕು ತೆಗೆದು ಕೂರಿಸಿ ಶ್ವಾಸನಾಳ ಅಗಲ ಮಾಡಿದರು. ಗಾಯ ಮತ್ತೆ ಗಂಟು ಕಟ್ಟಿ ಮುಚ್ಚಿತು. ಮತ್ತೊಮ್ಮೆ ಮಾಡಿದರು, ಅದೂ ಹಾಗೇ ಆಯಿತು. "ಲಾಸ್ ಏಂಜಲೀಸಲ್ಲಿ ಇನ್ನೊಬ್ರಿಗೆ ತೋರಿಸ್ಕೊಂಡು ಬನ್ನಿ. ನಾನೇನು ಮುನಿಸ್ಕೊಳ್ಳಲ್ಲ" ಎಂದು ಅವರೇ ಕಳಿಸಿದರು. ಅಲ್ಲಿನವರೂ ಆಗದು ಎಂದರು. ವಾಪಸು ಬರುವಾಗ ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾದಲ್ಲಿ ಡಾಕ್ಟರಿಗೆಂದು ಕೋಡುಬಳೆ ಕೊಂಡೆ, ಯಾಕೋ ನನಗೇ ಗೊತ್ತಿಲ್ಲ.

"ಇದಕ್ಕೆ ಬೇರೆ ಹಲ್ಲೇ ಬೇಕಲ್ಲಮ್ಮ" ಎಂದು ಡಾಕ್ಟರು ಕೋಡುಬಳೆ ಕಡಿದರು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಕೈ ಹಾಕಿದ್ರೆ ಚೆನ್ನಾಗಿರೋ ಭಾಗನೂ ಹಾಳಾಗತ್ತೆ. ನಾನು ಮಾಡಲ್ಲ" ಎಂದರು.

ನನಗೆ ಕೆಟ್ಟ ಸಿಟ್ಟು ಬಂತು. ಏನು ಬೈಯಬೇಕೋ ತಿಳಿಯದೆ, "ಅವಳ ದನಿ ಹೇಗಿತ್ತು ಡಾಕ್ಟರೇ?" ಎಂದೆ.

"ಸ್ವಲ್ಪ ಒಡಕು. ಆದ್ರೆ ಜೋರು. ನಮ್ಮನ್ನೆಲ್ಲ ಬೈಯೋ ಹಾಗಿತ್ತು."

ಆಮೇಲೆ ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದೆ. ಅವರು ಬೇಸರಿಸದೆ ಹೇಳುತ್ತಿದ್ದರು. ಅವತ್ತು ಥಿಯೇಟರಿನ ಒಳಗಿದ್ದ ಬೇರೆಯವರ ಹೆಸರೂ ನಮಗೆ ಗೊತ್ತಿಲ್ಲ.

ಹೋದ ವರ್ಷ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಈಗಿರುವ ಡಾಕ್ಟರು ಒಳ್ಳೆಯವರೇ, ಕೊಳವೆ ಬದಲಿಸಿ ಕಳಿಸುತ್ತಾರೆ.

ಮೊನ್ನೆ ಇಳಾಳೇ ಕೈಸನ್ನೆಯಲ್ಲಿ ಕೇಳಿದಳು, ತನ್ನ ದನಿ ಹೇಗಿತ್ತೆಂದು. ಜೋರಾಗಿತ್ತು ಎಂದೆ. ಎಷ್ಟು ಜೋರು ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮಣ್ಣಿನಲ್ಲಿದ್ದಾರೆ.